ಮೂರು ದಿನದ ಉಪವಾಸಕ್ಕೆ ಒಂಬತ್ತು ದಿನದ ಲೆಕ್ಕ

ಮಾನ್ಯ ಸಂಪಾದಕರೇ,

ದೀರ್ಘ ಉಪವಾಸದ ಬಗ್ಗೆ ಆರೋಗ್ಯ ಪುಟಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಎರಡೇ ಬಗೆಯವು. ಇದರಿಂದ ಎಲ್ಲ ಕಾಯಿಲೆಯೂ ವಾಸಿ ಎನ್ನುವುದು ಒಂದು, ಹತ್ತಿರವೂ ಸುಳಿಯಬೇಡಿ ಎನ್ನುವುದು ಇನ್ನೊಂದು. ಎರಡನ್ನೂ ಓದಿದವರು ಕೊನೆಗೆ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ಭಾನುವಾರ ರಾತ್ರಿ ಊಟ ಮುಗಿಸಿ, ಬುಧವಾರ ರಾತ್ರಿಯವರೆಗೆ ಬರೀ ನೀರು ಕುಡಿದು, ನಡುವೆ ಎಂದಿನಂತೆ ಜಿಮ್ಮಿಗೂ ಕಚೇರಿಗೂ ಓಡಾಡಿ, ಬುಧವಾರ ರಾತ್ರಿ ಹೊಟ್ಟೆ ಬಿರಿಯುವಂತೆ ಉಂಡು ಮಲಗುತ್ತಾರೆ. ಇಲ್ಲಿ ಎಡವಟ್ಟಾಗುವುದು ಹಸಿವಿನಿಂದಲ್ಲ. ಉಪ್ಪು ತಪ್ಪಿದ್ದರಿಂದ, ವ್ಯಾಯಾಮ ಇಳಿಸದೇ ಇದ್ದುದರಿಂದ, ಉಪವಾಸ ಬಿಟ್ಟ ರೀತಿಯಿಂದ. ಈ ಮೂರರ ಬಗ್ಗೆ ಅಂಕಿಯಿಟ್ಟು ಬರೆಯುವವರು ಕಡಿಮೆ.

ವ್ಯಾಯಾಮ ತರಬೇತಿ ಮತ್ತು ಪಥ್ಯಾಹಾರದ ಕೆಲಸದಲ್ಲಿರುವ ನಾವು ಹೇಳಬೇಕಾದದ್ದು ಒಂದೇ: ಮೂರು ದಿನದ ಉಪವಾಸಕ್ಕೆ ಕ್ಯಾಲೆಂಡರಿನಲ್ಲಿ ಒಂಬತ್ತು ದಿನ ಬಿಡಿಸಿಕೊಳ್ಳಬೇಕು. ಮುಂಚಿನ ಮೂರು ದಿನ ಸಿದ್ಧತೆಗೆ, ನಂತರದ ಮೂರು ದಿನ ಮತ್ತೆ ಊಟಕ್ಕೂ ವ್ಯಾಯಾಮಕ್ಕೂ ಮರಳುವುದಕ್ಕೆ. ಆ ಒಂಬತ್ತು ದಿನದಲ್ಲಿ ದೂರದ ಪ್ರಯಾಣ, ಪರೀಕ್ಷೆ, ಓಟದ ಸ್ಪರ್ಧೆ, ರಾತ್ರಿ ಪಾಳಿ ಯಾವುದಾದರೂ ಬಂದರೆ ಉಪವಾಸವನ್ನು ಮುಂದೂಡುವುದೇ ಸರಿ.

ಮೊದಲು, ಇದು ಯಾರಿಗೆ ಬೇಡ ಎಂಬುದು. ಗರ್ಭಿಣಿಯರು, ಎದೆಹಾಲು ಉಣಿಸುವ ತಾಯಂದಿರು, 18 ತುಂಬದವರು, ತೂಕ ಈಗಾಗಲೇ ಕಡಿಮೆ ಇರುವವರು, ಊಟದ ವಿಚಾರದಲ್ಲಿ ಮಾನಸಿಕವಾಗಿ ನರಳಿದವರು, ಟೈಪ್ 1 ಮಧುಮೇಹಿಗಳು, ಕಿಡ್ನಿ ತೊಂದರೆ ಅಥವಾ ಹೃದಯ ಬಡಿತದ ಏರುಪೇರು ಇರುವವರು, ಸೊರಗಿದ ವೃದ್ಧರು. ಇವರಿಗೆ ಮುಂದಿನ ಯಾವ ಮಾತೂ ಅನ್ವಯಿಸುವುದಿಲ್ಲ. ನೀರನ್ನೂ ಬಿಡುವ ಉಪವಾಸದ ಬಗ್ಗೆ ನಾವು ಬರೆಯುತ್ತಿಲ್ಲ. ಅದಕ್ಕೆ ವ್ಯಾಯಾಮ ಜೋಡಿಸುವ ಸುರಕ್ಷಿತ ವಿಧಾನವೇ ಇಲ್ಲ.

ಎರಡನೇ ದಿನವೇ ಯಾಕೆ ಅಷ್ಟು ಕಷ್ಟ ಎಂಬುದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 100 ಗ್ರಾಂ. ಮೆದುಳೊಂದಕ್ಕೇ ದಿನಕ್ಕೆ ಬೇಕಾಗುವ ಸಕ್ಕರೆ ಸುಮಾರು 120 ಗ್ರಾಂ. ಹಾಗಾಗಿ ಕೊನೆಯ ಊಟವಾದ 24ರಿಂದ 36 ಗಂಟೆಯೊಳಗೆ ಆ ದಾಸ್ತಾನು ಬಹುಪಾಲು ಬರಿದಾಗುತ್ತದೆ. ಕೊಬ್ಬಿನಿಂದ ತಯಾರಾಗುವ ಕೀಟೋನುಗಳು ಮೆದುಳಿಗೆ ಆಸರೆಯಾಗುತ್ತವೆ ನಿಜ. 1967ರಲ್ಲಿ ಬಾಸ್ಟನ್ನಿನಲ್ಲಿ ವೈದ್ಯ ಸಂಶೋಧಕ ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು ವಾರಗಟ್ಟಲೆ ಉಪವಾಸವಿದ್ದ ಸ್ಥೂಲಕಾಯದವರನ್ನು ಪರೀಕ್ಷಿಸಿ, ಮೆದುಳಿನ ಇಂಧನದ ಬಹುಪಾಲು ಕೀಟೋನುಗಳಿಂದಲೇ ಬರುತ್ತಿದೆ ಎಂದು ತೋರಿಸಿಕೊಟ್ಟರು. ಆದರೆ ಅದು ವಾರಗಳ ನಂತರದ ಮಾತು. ಎರಡನೇ ದಿನ ಯಕೃತ್ತು ಖಾಲಿಯಾಗಿರುತ್ತದೆ, ಕೀಟೋನು ಇನ್ನೂ ಸಾಕಷ್ಟು ಏರಿರುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ದೇಹ ಸ್ನಾಯುವಿನ ಪ್ರೋಟೀನನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಎರಡನೇ ಸಂಜೆಯಿಂದ ಮೂರನೇ ಬೆಳಗಿನವರೆಗೆ ಸಿಡುಕು, ಚಳಿ, ತಲೆಭಾರ, ಮಂಕು ಎಲ್ಲವೂ ಒಟ್ಟಿಗೆ ಬರುವುದು ಇದೇ ಕಾರಣಕ್ಕೆ. ಮೂರು ದಿನದಲ್ಲಿ ವ್ಯಾಯಾಮ ಅತಿ ಕಡಿಮೆ ಇರಬೇಕಾದದ್ದು ಎರಡನೇ ದಿನ. ಹೆಚ್ಚಿನವರು ಕೊನೆಯ ದಿನ ವಿಶ್ರಾಂತಿ ಎಂದು ಎತ್ತಿಟ್ಟು, ಎರಡನೇ ದಿನ ‘ಇನ್ನೂ ಶಕ್ತಿ ಇದೆ’ ಎಂದು ಓಡುತ್ತಾರೆ.

ಸ್ನಾಯುಗಳಲ್ಲಿಯೂ 300ರಿಂದ 500 ಗ್ರಾಂ ಗ್ಲೈಕೋಜನ್ ಇರುತ್ತದೆ. ಅದನ್ನು ರಕ್ತಕ್ಕೆ ಬಿಟ್ಟುಕೊಡುವ ಕಿಣ್ವ ಸ್ನಾಯುವಿನಲ್ಲಿಲ್ಲ. ತೊಡೆಯಲ್ಲಿರುವುದು ತೊಡೆಯ ಕೆಲಸಕ್ಕೇ ಮೀಸಲು. ಹಾಗಾಗಿ ಮೊದಲ ದಿನ ಭಾರ ಎತ್ತಿದರೆ ಏನೂ ಆಗಿಲ್ಲ ಎನಿಸುತ್ತದೆ. ಆದರೆ ಅಂದು ಖರ್ಚಾದದ್ದು ಮತ್ತೆ ಉಣ್ಣುವವರೆಗೆ ಸರಿಯಾಗಿ ತುಂಬುವುದಿಲ್ಲ. ಮೊದಲ ದಿನದ ಹುಮ್ಮಸ್ಸಿನ ಸಾಲವನ್ನು ಮೂರನೇ ದಿನ ಮೆಟ್ಟಿಲು ಹತ್ತುವಾಗ ತೀರಿಸಬೇಕಾಗುತ್ತದೆ.

ಇನ್ನು ತೂಕ. ಜನ ದಾರಿ ತಪ್ಪುವುದು ಇಲ್ಲೇ, ಆದ್ದರಿಂದ ಲೆಕ್ಕವನ್ನು ಬಿಡಿಸಿಯೇ ಬರೆಯುತ್ತೇವೆ. ದಿನಕ್ಕೆ 2,000 ಕ್ಯಾಲೊರಿ ಖರ್ಚು ಮಾಡುವವರು ಮೂರು ದಿನ ಏನೂ ತಿನ್ನದಿದ್ದರೆ ಕೊರತೆ 6,000 ಕ್ಯಾಲೊರಿ. ಯಕೃತ್ತು ಮತ್ತು ಸ್ನಾಯುಗಳಿಂದ 250 ಗ್ರಾಂ ಗ್ಲೈಕೋಜನ್ ಹೋಯಿತು ಎಂದಿಟ್ಟುಕೊಳ್ಳಿ, ಗ್ರಾಮಿಗೆ 4ರಂತೆ ಅದು 1,000 ಕ್ಯಾಲೊರಿ. ಉಪವಾಸದ ಮೊದಲ ದಿನಗಳಲ್ಲಿ ಮೂತ್ರದಲ್ಲಿ ಹೋಗುವ ಸಾರಜನಕ ದಿನಕ್ಕೆ ಸುಮಾರು 10 ಗ್ರಾಂ. ಅದು ಒಡೆದ ಪ್ರೋಟೀನಿನಿಂದ ಬಂದದ್ದು, ಒಂದು ಗ್ರಾಂ ಸಾರಜನಕಕ್ಕೆ 6.25 ಗ್ರಾಂ ಪ್ರೋಟೀನು. ಹಾಗಾಗಿ ಮೂರು ದಿನಕ್ಕೆ ಸುಮಾರು 190 ಗ್ರಾಂ ಪ್ರೋಟೀನು, ಅದಕ್ಕೂ ಗ್ರಾಮಿಗೆ 4ರಂತೆ 760 ಕ್ಯಾಲೊರಿ. ಉಳಿದ 4,240 ಕ್ಯಾಲೊರಿ ಕೊಬ್ಬಿನಿಂದ ಬರಬೇಕು. ಗ್ರಾಮಿಗೆ 9ರಂತೆ ಭಾಗಿಸಿದರೆ 470 ಗ್ರಾಂ. ಅರ್ಧ ಕೆಜಿಯೂ ಇಲ್ಲ. ಆದರೆ ತಕ್ಕಡಿ ಮೂರು ಕೆಜಿ ಇಳಿದಿದೆ ಎನ್ನುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಹೋಗುವುದರಿಂದ ಅಲ್ಲೇ ಒಂದು ಕೆಜಿ ಆಯಿತು. 190 ಗ್ರಾಂ ಪ್ರೋಟೀನು ತನ್ನ ನೀರಿನೊಂದಿಗೆ ಇನ್ನೊಂದು ಕೆಜಿಗೆ ಹತ್ತಿರ. ಮಿಕ್ಕದ್ದು ಉಪ್ಪಿನ ಜೊತೆ ಹೋದ ನೀರು ಮತ್ತು ಕರುಳಿನಲ್ಲಿದ್ದದ್ದು. ಊಟ ಶುರುವಾದ ಮೂರು ನಾಲ್ಕು ದಿನದಲ್ಲಿ ಇದರಲ್ಲಿ ಎರಡು ಕೆಜಿ ವಾಪಸು ಬಂದರೆ ಗಾಬರಿಪಟ್ಟು ಮತ್ತೆ ಉಪವಾಸ ಹಿಡಿಯುವವರಿದ್ದಾರೆ. ಬಂದದ್ದು ಕೊಬ್ಬಲ್ಲ. ಬರಬೇಕಾದದ್ದೇ ಬಂದಿದೆ.

ಈ ಲೆಕ್ಕದಲ್ಲಿ ನಮಗೆ ಚಿಂತೆಯಾಗುವುದು ಪ್ರೋಟೀನಿನದು. ತಿಂಗಳಿಗೆ ಎರಡು ಮೂರು ಬಾರಿ ಹೀಗೆ ಮಾಡಿ, ನಡುವಿನ ದಿನಗಳಲ್ಲೂ ಅಳೆದು ಸುರಿದು ತಿನ್ನುವವರ ತೂಕ ಇಳಿಯುತ್ತದೆ, ಜೊತೆಗೆ ಕೈಕಾಲಿನ ಬಲವೂ ಇಳಿಯುತ್ತದೆ. ನಡುವಿನ ದಿನಗಳಲ್ಲಿ ದೇಹತೂಕದ ಪ್ರತಿ ಕೆಜಿಗೆ 1.6 ಗ್ರಾಂ ಪ್ರೋಟೀನು, ವಾರಕ್ಕೆ ಕನಿಷ್ಠ ಎರಡು ದಿನ ಭಾರದ ವ್ಯಾಯಾಮ, ಇವೆರಡೂ ಸಾಧ್ಯವಿಲ್ಲದವರಿಗೆ ದೀರ್ಘ ಉಪವಾಸ ನಷ್ಟದ ವ್ಯಾಪಾರ.

ಈಗ ಮುಂಚಿನ ಮೂರು ದಿನದ ವಿಚಾರ. ಕಾಲಿನ ಭಾರೀ ವ್ಯಾಯಾಮ ಅಥವಾ ಹೊಸದಾಗಿ ಕಲಿತ ಯಾವುದೇ ವ್ಯಾಯಾಮ ಉಪವಾಸಕ್ಕೆ ಕನಿಷ್ಠ 48 ಗಂಟೆ ಮುಂಚೆಯೇ ಮುಗಿದಿರಬೇಕು. ಮೈಕೈ ನೋವು ಜೋರಾಗುವುದು ವ್ಯಾಯಾಮವಾದ 24ರಿಂದ 72 ಗಂಟೆಯಲ್ಲಿ. ರಿಪೇರಿಗೆ ಪ್ರೋಟೀನು ಬೇಕಾಗುವುದೂ ಆಗಲೇ. ಸ್ನಾಯುಗಳನ್ನು ಹಿಂಡಿ ಅದೇ ರಾತ್ರಿ ಅಡುಗೆಮನೆಗೆ ಬೀಗ ಹಾಕುವುದು ಗೋಡೆ ಒಡೆದು ಸಿಮೆಂಟು ತರಿಸದೇ ಕೂತಂತೆ. ಹಿಂದಿನ ದಿನ ಮಧ್ಯಮ ತೂಕದ, ಪೂರ್ತಿ ದೇಹದ ವ್ಯಾಯಾಮ ಮಾಡಿ, ನಂತರ ಪ್ರೋಟೀನೂ ತರಕಾರಿಯೂ ಇರುವ ಸಾಧಾರಣ ಊಟ ಮಾಡಿದರೆ ಸಾಕು. ಮೂರು ದಿನಕ್ಕಾಗುವಷ್ಟು ಇಂದೇ ತಿನ್ನೋಣ ಎಂದು ತುರುಕಿಕೊಂಡರೆ ರಾತ್ರಿ ಹೊಟ್ಟೆಯುಬ್ಬರ ಗ್ಯಾರಂಟಿ, ಮರುದಿನದ ಹಸಿವು ಇನ್ನೂ ಚುರುಕು.

ಕಾಫಿ, ಟೀ ಕುಡಿಯುವವರು ಸಿದ್ಧತೆಯ ಈ ಮೂರು ದಿನದಲ್ಲಿ ಅದನ್ನು ಹಂತಹಂತವಾಗಿ ಇಳಿಸಬೇಕು. ಕೆಫೀನು ಥಟ್ಟನೆ ನಿಂತರೆ 12ರಿಂದ 24 ಗಂಟೆಯಲ್ಲಿ ತಲೆನೋವು ಶುರುವಾಗಿ, ಒಂದೆರಡು ದಿನದಲ್ಲಿ ತಾರಕಕ್ಕೇರುತ್ತದೆ. ಸರಿಯಾಗಿ ಉಪವಾಸದ ಎರಡನೇ ದಿನಕ್ಕೇ ಅದು ಬಂದು ಕೂರುವುದರಿಂದ ‘ವಿಷ ಹೊರಗೆ ಹೋಗುತ್ತಿದೆ’ ಎಂದು ಸಮಾಧಾನ ಹೇಳುವವರು ಸಿಗುತ್ತಾರೆ. ಹೋಗುತ್ತಿರುವುದು ಕಾಫಿಯ ಅಭ್ಯಾಸ, ಅಷ್ಟೇ. ಪೂರ್ತಿ ಬಿಡಲಾಗದವರು ಬೆಳಿಗ್ಗೆ ಹಾಲು ಸಕ್ಕರೆ ಇಲ್ಲದ ಒಂದು ಚಿಕ್ಕ ಲೋಟ ಇಟ್ಟುಕೊಳ್ಳಲಿ. ಖಾಲಿ ಹೊಟ್ಟೆಯಲ್ಲಿ ಎದೆ ಉರಿಯುವವರಿಗೆ ಅದೂ ಬೇಡ.

ಉಪ್ಪಿನ ಬಗ್ಗೆ ತುಸು ಹೆಚ್ಚೇ ಬರೆಯಬೇಕು. ಊಟ ನಿಂತಾಗ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದರೆ ಕಿಡ್ನಿ ಉಪ್ಪಿನಲ್ಲಿರುವ ಸೋಡಿಯಮ್ಮನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮೂತ್ರದ ಜೊತೆ ಉಪ್ಪು, ಉಪ್ಪಿನ ಬೆನ್ನಿಗೆ ನೀರು ಹೊರಗೆ ಹೋಗುತ್ತದೆ. ಊಟವೇ ಇಲ್ಲದ್ದರಿಂದ ಉಪ್ಪು ಒಳಗೆ ಬರುವ ದಾರಿಯೂ ಮುಚ್ಚಿದೆ. ರಕ್ತದ ಪ್ರಮಾಣ ಕುಗ್ಗುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ನಾಲ್ಕು ಮೆಟ್ಟಿಲಿಗೇ ಎದೆ ಹೊಡೆದುಕೊಳ್ಳುವುದು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಇವುಗಳಲ್ಲಿ ಬಹಳಷ್ಟು ಸಕ್ಕರೆ ಇಳಿದದ್ದರಿಂದಲ್ಲ, ಉಪ್ಪು ಇಳಿದದ್ದರಿಂದ. ಇದು ತಿಳಿಯದವರು ತಲೆಸುತ್ತಿಗೆ ಇನ್ನಷ್ಟು ಬರೀ ನೀರು ಕುಡಿಯುತ್ತಾರೆ. ರಕ್ತದ ಸೋಡಿಯಂ ಇನ್ನೂ ತೆಳುವಾಗುತ್ತದೆ. ವಾಕರಿಕೆ, ತಲೆನೋವು, ಗೊಂದಲ ಅದರ ಲಕ್ಷಣಗಳು. ತೀರಾ ಮಿತಿಮೀರಿದರೆ ಜೀವಕ್ಕೇ ಕುತ್ತು. ದಿನಕ್ಕೆ ಇಷ್ಟೇ ಲೀಟರು ಎಂಬ ಗುರಿ ಇಟ್ಟುಕೊಂಡು ಕುಡಿಯುವುದು ಉಪವಾಸದಲ್ಲಿ ತಪ್ಪು. ಬಾಯಾರಿದಾಗ ಕುಡಿಯಬೇಕು.

ಪ್ರಮಾಣ ಹೀಗಿದೆ. ಮಟ್ಟಸವಾದ ಒಂದು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ, ಅದರಲ್ಲಿ ಸೋಡಿಯಂ 2,300 ಮಿಲಿಗ್ರಾಂ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇಲ್ಲದವರಿಗೆ ದಿನಕ್ಕೆ ಮುಕ್ಕಾಲು ಟೀ ಚಮಚ ಸಾಕು. ಊಟದ ಉಪ್ಪು ಸಂಪೂರ್ಣ ನಿಂತಿರುವುದರಿಂದ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳಿರುವ 5 ಗ್ರಾಂ ಮಿತಿಯೊಳಗೇ ಇದು ನಿಲ್ಲುತ್ತದೆ. ಕಾಲು ಚಮಚವನ್ನು ಅರ್ಧ ಲೀಟರು ನೀರಿಗೆ ಕಲಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಮೂರು ಬಾಟಲಿ. ಒಂದೊಂದನ್ನೂ ಅರ್ಧ ಮುಕ್ಕಾಲು ಗಂಟೆಯಲ್ಲಿ ಗುಟುಕು ಗುಟುಕಾಗಿ ಮುಗಿಸಬೇಕು. ಒಂದೇ ಸಲ ಮುಗಿಸಿಬಿಡೋಣ ಎಂದು ಒಂದು ಲೋಟಕ್ಕೆ ಪೂರ್ತಿ ಚಮಚ ಸುರಿದು ಕುಡಿದರೆ ಏನಾಗುತ್ತದೆ ನೋಡಿ. 250 ಮಿಲಿಲೀಟರಿಗೆ 6 ಗ್ರಾಂ ಎಂದರೆ ನೂರಕ್ಕೆ 2.4. ಡ್ರಿಪ್ಪಿನಲ್ಲಿ ಏರಿಸುವ ಸಲೈನು ನೂರಕ್ಕೆ 0.9 ಮಾತ್ರ. ರಕ್ತಕ್ಕಿಂತ ಗಟ್ಟಿಯಾದ ಆ ನೀರು ಮೈಗೆ ಹತ್ತುವುದಿಲ್ಲ. ಬದಲಿಗೆ ಮೈಯ ನೀರನ್ನೇ ಕರುಳಿಗೆ ಎಳೆದುಕೊಂಡು ಅರ್ಧ ಗಂಟೆಯಲ್ಲಿ ಶೌಚಾಲಯಕ್ಕೆ ಓಡಿಸುತ್ತದೆ. ಉಪ್ಪು ತೆಗೆದುಕೊಂಡೂ ಉಪ್ಪು ಕಳೆದುಕೊಂಡ ಹಾಗೆ. ಬೆವರು ಹರಿಯುವ ಬಿಸಿ ದಿನಗಳಲ್ಲಿ ಒಂದು ಲೀಟರು ಬೆವರಿಗೆ ಒಂದು ಗ್ರಾಮಿನ ಆಸುಪಾಸು ಸೋಡಿಯಂ ಹೋಗುತ್ತದೆ. ಅಂಥ ದಿನ ಬಾಟಲಿ ಹೆಚ್ಚಿಸುವುದಕ್ಕಿಂತ ಬೆವರುವ ಕೆಲಸವನ್ನು ಬಿಡುವುದು ಜಾಣತನ.

ಪೊಟ್ಯಾಷಿಯಂ ಪುಡಿಗಳ ವಿಚಾರದಲ್ಲಿ ನಮ್ಮ ಅಭಿಪ್ರಾಯ ಖಡಾಖಂಡಿತ. ಮೂರು ದಿನಕ್ಕೆ ಆರೋಗ್ಯವಂತರಿಗೆ ಅದು ಬೇಕಿಲ್ಲ, ರಕ್ತಪರೀಕ್ಷೆ ಇಲ್ಲದೆ ತೆಗೆದುಕೊಳ್ಳಬಾರದು. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಮಾರುವ ಪೊಟ್ಟಣಗಳಲ್ಲೂ ಪೊಟ್ಯಾಷಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ಸೋತವರಿಗೂ ಕೆಲವು ಬಿಪಿ ಮಾತ್ರೆ ನುಂಗುವವರಿಗೂ ಅದು ಹೃದಯವನ್ನೇ ನಿಲ್ಲಿಸಬಲ್ಲದು. ಉಪವಾಸದ ಬಾಟಲಿಗೆ ಸಾಧಾರಣ ಅಡುಗೆ ಉಪ್ಪೇ ಸಾಕು.

ದಿನಾ ಬೆಳಿಗ್ಗೆ ಮಾಡಿಕೊಳ್ಳಬೇಕಾದ ಒಂದು ಪರೀಕ್ಷೆ ಇದೆ. ಮನೆಯಲ್ಲಿ ಬಿಪಿ ಯಂತ್ರವಿದ್ದರೆ ಐದು ನಿಮಿಷ ಅಲ್ಲಾಡದೆ ಮಲಗಿ ಬಿಪಿ, ನಾಡಿ ಬರೆದುಕೊಳ್ಳಿ. ಎದ್ದು ನಿಂತು ಒಂದನೇ ನಿಮಿಷಕ್ಕೊಮ್ಮೆ, ಮೂರನೇ ನಿಮಿಷಕ್ಕೊಮ್ಮೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ, ಇಲ್ಲವೇ ಕೆಳಗಿನದು 10 ಇಳಿದರೆ, ಅಥವಾ ನಾಡಿ 30 ಬಡಿತ ಏರಿದರೆ, ಅಂದು ವ್ಯಾಯಾಮ ಇಲ್ಲ, ಗಾಡಿ ಓಡಿಸುವುದೂ ಇಲ್ಲ. ಒಂದು ಬಾಟಲಿ ಉಪ್ಪುನೀರು ಕುಡಿದು, ಒರಗಿಕೊಂಡು, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಸುಧಾರಿಸದಿದ್ದರೆ ಉಪವಾಸ ಬಿಡಿ. ಯಂತ್ರ ಇಲ್ಲದವರು ಬೆರಳಿಟ್ಟು ನಾಡಿಯನ್ನಾದರೂ ಎಣಿಸಲಿ. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿದರಾಯಿತು.

ವ್ಯಾಯಾಮ ಹೇಗೆ ಹೊಂದಿಸಬೇಕು? ಮೊದಲ ದಿನ 40–45 ನಿಮಿಷ ಸಮತಟ್ಟು ನೆಲದ ನಡಿಗೆ. ನಡೆಯುತ್ತಾ ಒಂದು ಉದ್ದ ವಾಕ್ಯವನ್ನು ಏದುಸಿರಿಲ್ಲದೆ ಹೇಳಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತು. ಆ ವೇಗದವರೆಗೆ ದೇಹ ಬಹುಪಾಲು ಕೊಬ್ಬಿನಿಂದಲೇ ಕೆಲಸ ನಡೆಸುತ್ತದೆ, ಅದಕ್ಕಿಂತ ಮೇಲೆ ಹೋದರೆ ಸಕ್ಕರೆ ಕೇಳುತ್ತದೆ. ಕೈಗಡಿಯಾರ ತೋರಿಸುವ ನಾಡಿಯನ್ನು ಈ ದಿನಗಳಲ್ಲಿ ನಂಬಬೇಡಿ. ರಕ್ತದ ಪ್ರಮಾಣ ಕುಗ್ಗಿರುವುದರಿಂದ ಅದೇ ನಡಿಗೆಗೆ ನಾಡಿ ಹೆಚ್ಚೇ ಓಡುತ್ತದೆ. ಎರಡನೇ ದಿನ 20 ನಿಮಿಷದಂತೆ ಎರಡು ಬಾರಿ ನಿಧಾನ ನಡಿಗೆ, ಬೇರೇನೂ ಬೇಡ. ಮೂರನೇ ದಿನ ಬೆಳಗಿನ ಪರೀಕ್ಷೆ ಸರಿ ಬಂದರೆ ಮಾತ್ರ, ಮತ್ತು ಮೊದಲಿಂದಲೂ ಭಾರ ಎತ್ತುವ ಅಭ್ಯಾಸ ಇರುವವರು ಮಾತ್ರ, 20 ನಿಮಿಷದ ಚಿಕ್ಕ ವ್ಯಾಯಾಮ ಮಾಡಬಹುದು. ಕಾಲಿಗೊಂದು, ತಳ್ಳುವುದೊಂದು, ಎಳೆಯುವುದೊಂದು. ಒಂದೊಂದಕ್ಕೂ ಎರಡೇ ಸೆಟ್, ಸೆಟ್ಟಿಗೆ ಐದೇ ಸಲ. ತೂಕ ಯಾವುದು ಎಂದರೆ, ಉಂಡ ದಿನಗಳಲ್ಲಿ ಹತ್ತು ಸಲ ಎತ್ತಬಲ್ಲಂಥದ್ದು. ಸೆಟ್ಟಿನ ನಡುವೆ ಎರಡು ಮೂರು ನಿಮಿಷ ಬಿಡುವು. ಐದು ಸಲ ಎತ್ತುವ ಕೆಲಸ ಸ್ನಾಯುವಿನಲ್ಲಿ ಸಿದ್ಧವಿರುವ ಫಾಸ್ಫೋಕ್ರಿಯಾಟಿನ್ ಎಂಬ ಕೆಲವೇ ಸೆಕೆಂಡಿನ ಇಂಧನದಿಂದ ಹೆಚ್ಚುಕಡಿಮೆ ನಡೆದುಹೋಗುತ್ತದೆ. ಹದಿನೈದು ಇಪ್ಪತ್ತು ಸಲ, ಕೈ ಸೋಲುವವರೆಗೆ ಎಂದು ಹೊರಟರೆ ಅದಕ್ಕೆ ಗ್ಲೈಕೋಜನ್ನೇ ಬೇಕು, ಅದು ಈಗ ಕಡಿಮೆ ಇದೆ. ಈ ದಿನಗಳ ವ್ಯಾಯಾಮ ಇರುವ ಸ್ನಾಯುವಿಗೆ ‘ನೀನು ಬೇಕು’ ಎಂದು ನೆನಪಿಸುವುದಕ್ಕೆ. ಬೆಳೆಸುವ ಕೆಲಸ ಊಟದ ದಿನಗಳದು.

ಬಾರ್ಬೆಲ್ಲನ್ನು (ತೂಕ ಸಿಕ್ಕಿಸಿದ ಕಬ್ಬಿಣದ ಸರಳು) ಹೆಗಲ ಮೇಲಿಟ್ಟು ಕೂತೇಳುವ ಸ್ಕ್ವಾಟ್, ಅದನ್ನು ನೆಲದಿಂದ ಎತ್ತುವ ಡೆಡ್‌ಲಿಫ್ಟ್, ಒಬ್ಬರೇ ಮಲಗಿ ಮಾಡುವ ಬೆಂಚ್ ಪ್ರೆಸ್ ಮೂರನ್ನೂ ಈ ದಿನಗಳಲ್ಲಿ ಪೂರ್ತಿ ಬಿಡಬೇಕು. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುತ್ತೇವೆ. ಎದೆಗೂಡಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಭಾರ ಇಳಿಸಿ ಉಸಿರು ಬಿಟ್ಟ ಆ ಕ್ಷಣ ಬಿಪಿ ಥಟ್ಟನೆ ಕುಸಿಯುತ್ತದೆ. ಉಂಡ ದಿನ ದೇಹ ಅದನ್ನು ಸರಿದೂಗಿಸಿಕೊಳ್ಳುತ್ತದೆ. ರಕ್ತದ ಪ್ರಮಾಣ ಕುಗ್ಗಿದ ದಿನ ಆಗುವುದಿಲ್ಲ, ಕಣ್ಣು ಕತ್ತಲೆ ಬಂದು ಮನುಷ್ಯ ಕುಸಿಯುತ್ತಾನೆ. ಆಗ ಹೆಗಲ ಮೇಲೆ ಅಥವಾ ಮುಖದ ಮೇಲೆ ಕಬ್ಬಿಣ ಇರಬಾರದು. ಯಂತ್ರಗಳು, ಡಂಬೆಲ್ಲು, ಗೋಡೆಗೆ ಕೈಯಿಟ್ಟು ಮಾಡುವ ಪುಷ್‌ಅಪ್ ಇದ್ದರೆ ಸಾಕು. ಎತ್ತುವಾಗ ಉಸಿರು ಬಿಡಬೇಕು, ಹಿಡಿಯಬಾರದು. ಒಬ್ಬರೇ ಈಜುವುದು, ಎತ್ತರ ಹತ್ತುವುದು, ವಾಹನ ದಟ್ಟಣೆಯಲ್ಲಿ ಸೈಕಲ್ ಓಡಿಸುವುದು, ಬಿಸಿ ಕೋಣೆಯ ಯೋಗ ಇವೂ ಬೇಡ.

ಕೆಲವು ಕಡೆ ವಾರದ ಉಪವಾಸಕ್ಕೂ ದಿನಕ್ಕೊಂದು ಬೆವರಿಳಿಸುವ ವ್ಯಾಯಾಮಕ್ಕೂ ಗಂಟು ಹಾಕಿ ‘ಚಾಲೆಂಜ್’ ನಡೆಸುತ್ತಿದ್ದಾರೆ. ಪಕ್ಕದವರು ನಿಲ್ಲಿಸಿಲ್ಲ ಎಂಬ ಒಂದೇ ಕಾರಣಕ್ಕೆ ಜನ ತಲೆಸುತ್ತನ್ನು ನುಂಗಿಕೊಂಡು ಮುಂದುವರಿಯುತ್ತಾರೆ. ಇದನ್ನು ನಾವು ಕಟುವಾಗಿ ವಿರೋಧಿಸುತ್ತೇವೆ. ಉಪವಾಸದಲ್ಲಿ ಗುಂಪಿನ ಒತ್ತಡದಷ್ಟು ಕೆಟ್ಟ ಜೊತೆಗಾರ ಬೇರೆ ಇಲ್ಲ.

ನಿತ್ಯದ ಬದುಕಿನಲ್ಲಿ ಸಣ್ಣಸಣ್ಣ ಬದಲಾವಣೆ ಸಾಕು. ಬಿಸಿನೀರಿನ ಸ್ನಾನ ರಕ್ತನಾಳಗಳನ್ನು ಹಿಗ್ಗಿಸಿ ಬಿಪಿ ಇಳಿಸುವುದರಿಂದ ಉಗುರುಬೆಚ್ಚಗಿನ ನೀರು, ಸ್ನಾನದಮನೆಯಲ್ಲಿ ಒಂದು ಸ್ಟೂಲು, ಬಾಗಿಲಿಗೆ ಚಿಲಕ ಹಾಕದಿರುವುದು. ರಾತ್ರಿ ಮೂತ್ರಕ್ಕೆ ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಕಾಲು ಆಡಿಸಿ, ಆಮೇಲೆ ನಿಲ್ಲುವುದು. ಎರಡನೇ, ಮೂರನೇ ರಾತ್ರಿ ನಿದ್ದೆ ಹಾರುವುದು ಮಾಮೂಲು, ಮೈಯನ್ನು ಎಚ್ಚರದಲ್ಲಿಡುವ ಹಾರ್ಮೋನಾದ ನೋರ್‌ಅಡ್ರಿನಲಿನ್ ಏರಿರುತ್ತದೆ. ಹಾಗಾಗಿ ಮೂರನೇ ದಿನದ ಬೆಳಗಿಗೆ ಹಣಕಾಸಿನ ಲೆಕ್ಕ, ಮುಖ್ಯ ಸಭೆ, ದೂರದ ಡ್ರೈವಿಂಗ್ ಇಟ್ಟುಕೊಳ್ಳಬೇಡಿ. ಮನೆಯವರಿಗೆ ಅಡುಗೆ ಮಾಡಬೇಕಾದವರು ಒಲೆಯ ಮುಂದೆ ಎದ್ದುನಿಂತೇ ಗಂಟೆಗಟ್ಟಲೆ ಕಳೆಯದಂತೆ ತರಕಾರಿ ಹೆಚ್ಚುವ ಕೆಲಸವನ್ನಾದರೂ ಕೂತು ಮಾಡಲಿ. ಅಲುಗಾಡದೆ ನಿಂತಾಗ ರಕ್ತ ಕಾಲಿಗಿಳಿದು ನಿಲ್ಲುತ್ತದೆ. ಎರಡು ಮೂರು ದಿನ ಮಲವಿಸರ್ಜನೆ ಆಗದಿದ್ದರೆ ಜುಲಾಬಿನ ಮಾತ್ರೆ ನುಂಗುವ ಅಗತ್ಯವಿಲ್ಲ. ಒಳಗೆ ಏನೂ ಹೋಗಿಲ್ಲ, ಹೊರಗೆ ಏನೂ ಬರುತ್ತಿಲ್ಲ. ಮನೆಯಲ್ಲಿ ಒಬ್ಬರಿಗೆ, ಕಚೇರಿಯಲ್ಲಿ ಒಬ್ಬರಿಗೆ ಉಪವಾಸದ ವಿಷಯ ಗೊತ್ತಿರಲೇಬೇಕು.

ಔಷಧಿಗಳ ವಿಚಾರದಲ್ಲಿ ಸ್ವಂತ ಬುದ್ಧಿ ಓಡಿಸುವುದು ಎಲ್ಲಕ್ಕಿಂತ ಅಪಾಯ. ಇನ್ಸುಲಿನ್, ಮಧುಮೇಹದ ಮಾತ್ರೆಗಳಾದ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥವು ಊಟವಿಲ್ಲದಾಗ ಸಕ್ಕರೆಯನ್ನು ಪಾತಾಳಕ್ಕಿಳಿಸುತ್ತವೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಕೂಡ ಮಧುಮೇಹದ ಮಾತ್ರೆಗಳೇ, ಆದರೆ ಬೇರೆಯೇ ಬಗೆ. ಗ್ಲೂಕೋಮೀಟರಿನಲ್ಲಿ ಸಕ್ಕರೆ ಸರಿಯಾಗೇ ಕಾಣುತ್ತಿದ್ದರೂ ರಕ್ತ ಆಮ್ಲೀಯವಾಗಿ, ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಬಹುದು. ಮೀಟರು ನೋಡಿ ಧೈರ್ಯ ತಂದುಕೊಂಡವರು ಆಸ್ಪತ್ರೆ ತಲುಪುವುದು ತಡವಾಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ, ಬಿಪಿ ಮಾತ್ರೆಗಳ ಪರಿಣಾಮ ಇಮ್ಮಡಿಯಾದಂತೆ ಆಗುತ್ತದೆ. ಮನೋರೋಗಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಉಪ್ಪು ಕಡಿಮೆಯಾದರೆ ಆ ಔಷಧ ರಕ್ತದಲ್ಲಿ ವಿಷದ ಮಟ್ಟಕ್ಕೇರುತ್ತದೆ. ಸ್ಟಿರಾಯ್ಡ್ ಮಾತ್ರೆಯನ್ನು ‘ಹೊಟ್ಟೆ ಖಾಲಿ’ ಎಂದು ಥಟ್ಟನೆ ನಿಲ್ಲಿಸುವಂತಿಲ್ಲ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ದಿನಾ ಒಂದೇ ಒಂದು ಮಾತ್ರೆ ನುಂಗುವವರೂ ಬರೆದುಕೊಟ್ಟ ವೈದ್ಯರನ್ನು ಕೇಳಿಯೇ ದಿನ ಗೊತ್ತುಮಾಡಬೇಕು. ಯೂರಿಕ್ ಆಮ್ಲದ ಸಂಧಿವಾತ ಇರುವವರಿಗೆ ಒಂದು ಮಾತು: ಕೀಟೋನುಗಳು ಏರಿದಾಗ ಕಿಡ್ನಿ ಯೂರಿಕ್ ಆಮ್ಲವನ್ನು ಹೊರಹಾಕುವುದು ಕುಂಠಿತವಾಗುತ್ತದೆ. ಕಾಲಿನ ಹೆಬ್ಬೆರಳು ಊದಿಕೊಂಡು ಏಳಲಾಗದೆ ಮಲಗುವುದು ಹೀಗೆ.

ನಿಲ್ಲಿಸಲೇಬೇಕಾದ ಸೂಚನೆಗಳು: ಒಮ್ಮೆ ಪ್ರಜ್ಞೆ ತಪ್ಪಿದರೂ, ಎದೆನೋವು ಬಂದರೂ, ಹೃದಯ ತಾಳ ತಪ್ಪಿ ಹೊಡೆದುಕೊಂಡರೂ, ವಾಂತಿ ಮರುಕಳಿಸಿದರೂ, ಮಾತು ತೊದಲಿದರೂ, ನಡುಕ ಬೆವರಿನ ಜೊತೆ ಸಕ್ಕರೆ 70ಕ್ಕಿಂತ ಕೆಳಗಿದ್ದರೂ. ಆಗ ‘ಇನ್ನು ಆರೇ ಗಂಟೆ’ ಎಂಬ ಲೆಕ್ಕ ಬೇಡ. 60 ಗಂಟೆಗೆ ಬಿಟ್ಟದ್ದು ಸೋಲಲ್ಲ. 72 ಎಂಬ ಅಂಕಿಯಲ್ಲಿ ಯಾವ ಮಂತ್ರವೂ ಇಲ್ಲ. ಜೀವಕೋಶಗಳು ತಮ್ಮ ಕಸವನ್ನು ತಾವೇ ಒಡೆದುಕೊಳ್ಳುವ ಆಟೊಫಜಿಯ ಬಗ್ಗೆ ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ಯೀಸ್ಟ್ ಕೋಶಗಳ ಮೇಲಿನ ಮೂಲ ಸಂಶೋಧನೆಗೆ. ಮನುಷ್ಯರಲ್ಲಿ ಅದು ಇಂತಿಷ್ಟನೇ ಗಂಟೆಗೆ ಶುರು ಎಂದು ಹೇಳುವ ಆ್ಯಪುಗಳ ಗಡಿಯಾರಕ್ಕೆ ಆ ಸಂಶೋಧನೆಯ ಆಧಾರವಿಲ್ಲ.

ಕಡೆಗೆ ಉಪವಾಸ ಬಿಡುವ ವಿಧಾನ. ರಾತ್ರಿ ಬಿಡಬೇಡಿ. ಮಧ್ಯಾಹ್ನ, ಮನೆಯಲ್ಲಿ ಇನ್ನೊಬ್ಬರು ಎಚ್ಚರವಿರುವ ಹೊತ್ತಿನಲ್ಲಿ ಬಿಡಿ. ಮೊದಲ ತಿನಿಸು 200–300 ಕ್ಯಾಲೊರಿ ದಾಟಬಾರದು. ಒಂದು ಬಟ್ಟಲು ತರಕಾರಿ ಸೂಪು ಮತ್ತು ಒಂದು ಬೇಯಿಸಿದ ಮೊಟ್ಟೆ, ಅಥವಾ ಸಕ್ಕರೆ ಹಾಕದ ಒಂದು ಬಟ್ಟಲು ಮೊಸರು. ಇಪ್ಪತ್ತು ನಿಮಿಷ ತೆಗೆದುಕೊಂಡು ನಿಧಾನವಾಗಿ ತಿನ್ನಬೇಕು. ಎರಡು ಮೂರು ಗಂಟೆ ಬಿಟ್ಟು 400–500 ಕ್ಯಾಲೊರಿಯ ಊಟ. ಅಂದು ಒಟ್ಟು ಎಂದಿನ ಅರ್ಧ, ಮರುದಿನ ಮುಕ್ಕಾಲು, ಮೂರನೇ ದಿನ ಪೂರ್ತಿ. ಹಣ್ಣಿನ ರಸ, ಸಿಹಿ, ತಟ್ಟೆ ತುಂಬ ಅನ್ನ ಮೊದಲ ದಿನ ಬೇಡ. ಮೂರು ದಿನ ಸಕ್ಕರೆಯನ್ನೇ ಕಾಣದ ದೇಹ ಅದನ್ನು ಒಮ್ಮೆಲೇ ನಿಭಾಯಿಸಲಾರದು, ಆರೋಗ್ಯವಂತರಲ್ಲೂ ಸಕ್ಕರೆ ಮಟ್ಟ ಜೋರಾಗಿ ಏರುತ್ತದೆ. ಹಸಿ ತರಕಾರಿ ರಾಶಿ ಹಾಕಿಕೊಂಡರೆ ಹೊಟ್ಟೆ ನುಲಿತ. ಜಿಡ್ಡಿನ ಊಟವಾದರೆ ಮೂರು ದಿನ ಸುಮ್ಮನಿದ್ದ ಪಿತ್ತಕೋಶ ಥಟ್ಟನೆ ಹಿಂಡಿಕೊಳ್ಳುತ್ತದೆ. ಒಳಗೆ ಕಲ್ಲಿದ್ದವರಿಗೆ ಬಲಪಕ್ಕೆಯ ಕೆಳಗೆ ನೋವು ಏಳುವುದು ಆಗ. ಮೊದಲ ತಿನಿಸಿನ ನಂತರ ಹತ್ತು ನಿಮಿಷ ನಿಧಾನ ನಡಿಗೆ ಒಳ್ಳೆಯದು. ಅಂದು ಅಷ್ಟೇ ವ್ಯಾಯಾಮ. ಮರುದಿನ ಎಂದಿನ ಸೆಟ್ಟುಗಳಲ್ಲಿ ಅರ್ಧ, ಮೂರನೇ ದಿನ ಮುಕ್ಕಾಲು. ಓಟ, ಸ್ಪ್ರಿಂಟು, ಕಾಲಿನ ಭಾರೀ ದಿನ ನಾಲ್ಕನೇ ದಿನಕ್ಕಿರಲಿ. ಪ್ರೋಟೀನನ್ನು ಈ ಮೂರು ದಿನ ಪ್ರತಿ ಊಟಕ್ಕೂ 20–30 ಗ್ರಾಮಿನಂತೆ ಹಂಚಿಕೊಳ್ಳಬೇಕು. ಪಾದ, ಮಣಿಗಂಟು ತುಸು ಊದಿದರೆ ಅದು ಇನ್ಸುಲಿನ್ ಮರಳಿದಾಗ ಕಿಡ್ನಿ ಉಪ್ಪನ್ನು ಹಿಡಿದುಕೊಳ್ಳುವುದರಿಂದ. ಉಪ್ಪುನೀರಿನ ಬಾಟಲಿಯನ್ನು ಊಟ ಶುರುವಾದ ಕೂಡಲೇ ನಿಲ್ಲಿಸಬೇಕು, ಇದನ್ನು ಮರೆಯುವವರು ಬಹಳ.

ಐದು ದಿನ ದಾಟಿದ ಉಪವಾಸದ ನಂತರದ ಊಟ ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ. ಊಟದೊಂದಿಗೆ ಇನ್ಸುಲಿನ್ ನುಗ್ಗಿದಾಗ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಷಿಯಂ, ಮೆಗ್ನೀಷಿಯಂ ಜೀವಕೋಶಗಳೊಳಗೆ ಸೇರಿಕೊಂಡು ರಕ್ತದಲ್ಲಿ ಬರಿದಾಗುತ್ತವೆ. ಹೃದಯ, ಉಸಿರಾಟದ ಸ್ನಾಯುಗಳು ಕೈಕೊಡುತ್ತವೆ. ಎರಡನೇ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ, ಹಸಿದು ಬಳಲಿದ್ದ ಯುದ್ಧಕೈದಿಗಳಲ್ಲಿ ಕೆಲವರು ಮತ್ತೆ ಊಟ ಸಿಕ್ಕಮೇಲೆ ಕುಸಿದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಚಿಕಿತ್ಸೆಯ ನಿಯಮಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2006ರ ಮಾರ್ಗಸೂಚಿ, ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದವರಿಗೆ ಮೊದಲ ಎರಡು ದಿನ ಅಗತ್ಯದ ಅರ್ಧಕ್ಕಿಂತ ಹೆಚ್ಚು ಕೊಡಬಾರದು ಎನ್ನುತ್ತದೆ. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೇರಿ 1965–66ರಲ್ಲಿ 382 ದಿನ ಉಪವಾಸವಿದ್ದು 207 ಕೆಜಿಯಿಂದ 82ಕ್ಕಿಳಿದದ್ದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅವರು ಆಸ್ಪತ್ರೆಯ ವೈದ್ಯರ ನಿಗಾದಲ್ಲಿದ್ದರು, ರಕ್ತ, ಮೂತ್ರ ಪರೀಕ್ಷೆಗಳು ನಡೆಯುತ್ತಿದ್ದವು, ವಿಟಮಿನ್ನು ಮತ್ತು ಲವಣಗಳನ್ನು ಕೊಡಲಾಗುತ್ತಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಅದೇ ದಶಕದಲ್ಲಿ ಇಂಥ ಚಿಕಿತ್ಸೆಯಲ್ಲಿದ್ದ ಕೆಲವರು ಆಸ್ಪತ್ರೆಯಲ್ಲೇ ತೀರಿಕೊಂಡರು ಎಂಬುದನ್ನೂ ಹೇಳುವುದಿಲ್ಲ.

ನಮ್ಮ ಕೋರಿಕೆ ಇಷ್ಟು. ಉಪವಾಸದ ಲಾಭದ ಬಗ್ಗೆ ಬರಹ ಪ್ರಕಟಿಸಿದಾಗಲೆಲ್ಲ ಅದೇ ಪುಟದಲ್ಲಿ, ಅದೇ ಅಕ್ಷರ ಗಾತ್ರದಲ್ಲಿ ಒಂದು ಚೌಕಟ್ಟು ಹಾಕಿ ನಾಲ್ಕು ಸಂಗತಿ ಅಚ್ಚು ಮಾಡಿ. ಯಾರು ಮಾಡಬಾರದು, ಯಾವ ಮಾತ್ರೆ ನುಂಗುವವರು ವೈದ್ಯರನ್ನು ಕೇಳಬೇಕು, ಯಾವ ಲಕ್ಷಣಕ್ಕೆ ನಿಲ್ಲಿಸಬೇಕು, ಮೊದಲ ದಿನ ಎಷ್ಟು ತಿನ್ನಬೇಕು. ಪುಟದಲ್ಲಿ ಜಾಗ ಸಾಲದಿದ್ದರೆ ತೂಕ ಇಳಿದವರ ಮುಂಚಿನ ಮತ್ತು ನಂತರದ ಫೋಟೊ ತೆಗೆದು ಆ ಜಾಗವನ್ನು ಇದಕ್ಕೆ ಕೊಡಿ.

ಇಂತಿ,
ವ್ಯಾಯಾಮ ತರಬೇತಿ ಮತ್ತು ಪಥ್ಯಾಹಾರ ವೃತ್ತಿಯಲ್ಲಿರುವ ನಿಮ್ಮ ಓದುಗರು